ಸೋಮವಾರ, ಗುರುವಾರ

ಮೊಣಕೈಯಲ್ಲಿ ಈಗ ಏನೂ ಇಲ್ಲ.
ಏನೂ ಇಲ್ಲದ ಜಾಗಕ್ಕೇ ಮುಲಾಮು ಹಚ್ಚುತ್ತೇನೆ
ಸೋಮವಾರ, ಗುರುವಾರ, ರಾತ್ರಿ ಊಟವಾದ ಮೇಲೆ,
ಬೆರಳ ತುದಿಯಷ್ಟು.

ಕಲೆ ಕೂಡ ಉಳಿದಿಲ್ಲ ಗುರುತಿಗೆ.
ಎಲ್ಲೆಲ್ಲಿತ್ತೆಂದು ಬೆರಳಿಗೆ ಗೊತ್ತು:
ಎಡಕ್ಕೆ ರೂಪಾಯಿಯಗಲ, ಬಲಕ್ಕೆ ಅಂಗೈಯಗಲ,
ಮಂಡಿಯ ಮೇಲೆ ಯಾವುದೋ ತಾಲೂಕಿನ ನಕಾಶೆ,
ಮತ್ತೆ ಕಿವಿಯ ಹಿಂದೊಂದು,
ಹೆಂಡತಿಗೆ ಮಾತ್ರ ಕಂಡದ್ದು.

ನಾನು ಕೀಮ್ಯಾನ್. ಕುಂಸಿಯಿಂದ ಅರಸಾಳಿನ ಕಡೆಗೆ
ದಿನಾ ನಡೆಯುತ್ತೇನೆ ಹಳಿಗುಂಟ,
ಹೆಗಲಿಗೆ ಸುತ್ತಿಗೆ, ಸ್ಪ್ಯಾನರು, ಸುತ್ತಿದ ಕೆಂಪು ಬಾವುಟ.
ಸಡಿಲಾದ ಕ್ಲಿಪ್ಪಿಗೆ ಒಂದೇಟು.
ಸಡಿಲಾಗದ್ದರ ಮೇಲೂ ಒಂದು ಕಣ್ಣು.
ತಾಳಗುಪ್ಪದ ರೈಲು ಬಂದಾಗ ಪಕ್ಕಕ್ಕೆ ನಿಲ್ಲುತ್ತೇನೆ;
ಕಿಟಕಿಯಲ್ಲಿ ಯಾರೋ ಬಾಯಿ ತೆರೆದು ನಿದ್ದೆಹೋಗಿರುತ್ತಾರೆ.
ಅದೇ ನನ್ನ ಸಂಬಳವೆಂದರೆ ಮೇಸ್ತ್ರಿ ನಗುತ್ತಾನೆ.

ಮೊದಲ ಸಲ ವಾಸಿಯಾದಾಗ ನಾನೂ ನಕ್ಕಿದ್ದೆ.
ಟ್ಯೂಬನ್ನು ಅಟ್ಟಕ್ಕೆಸೆದು, ಅರ್ಧ ತೋಳಿನ ಅಂಗಿ ತೊಟ್ಟು
ಭದ್ರಾವತಿಗೆ ನಾದಿನಿಯ ಮದುವೆಗೆ ಹೋಗಿ
ಎರಡು ಪಂಕ್ತಿಗೆ ಸಾರು ಬಡಿಸಿದೆ.
ಒಬ್ಬರೂ ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ!

ಮಾರ್ಗಶಿರದ ಚಳಿಯಲ್ಲಿ ಸುತ್ತಿಗೆ ಜಾರಿ
ಕಣಕಾಲು ತರಚಿತು. ತರಚಿದ ಗೆರೆಗುಂಟ
ಎದ್ದಿತು ಬಿಳಿಪುಡಿ,
ಕಬಡ್ಡಿ ಅಂಕಣಕ್ಕೆ ಸುಣ್ಣ ಎಳೆದಂತೆ.
ಆಮೇಲೆ ಬೆನ್ನು. ಆಮೇಲೆ ಹಣೆ.
ಗ್ಯಾಂಗಿನಲ್ಲಿ ನನ್ನ ಚಹಾ ಲೋಟ ಬೇರೆಯಾಯಿತು.
ಯಾರೂ ಏನೂ ಹೇಳಲಿಲ್ಲ, ಲೋಟವೇ ಹೇಳಿತು.
ಅಂಟುವಂಥದ್ದಲ್ಲ ಕಣ್ರೋ ಎಂದೆ. ಹೌದೌದು ಎಂದರು,
ಬೀಡಿ ಹಚ್ಚಿಕೊಂಡು ದೂರ ಕೂತರು.

ಮನೆಯಲ್ಲಿ ಶಾಂತವೀರಮ್ಮ ನಸುಕಿಗೇ ಎದ್ದು
ಹಾಸಿಗೆಯ ಹೊಟ್ಟು ಗುಡಿಸುತ್ತಿದ್ದಳು
ಸದ್ದಿಲ್ಲದೆ, ಕೈಯಲ್ಲೇ,
ನನಗೆ ನಿದ್ದೆಯೆಂದು ತಿಳಿದು.

ಮೆಗ್ಗಾನ್ ಆಸ್ಪತ್ರೆಯ ಚರ್ಮದ ಡಾಕ್ಟರು
ನನ್ನ ಮಗಳ ವಯಸ್ಸಿನವರು, ಬೈಯಲಿಲ್ಲ.
"ಹೋಗಿರಲಿಲ್ಲ ಹುಚ್ಚರಾಯಪ್ಪ, ಮಲಗಿತ್ತು.
ಮತ್ತೆ ಮಲಗಿಸೋಣ. ಆಮೇಲೂ ವಾರಕ್ಕೆರಡು ಸಲ
ಹಳೇ ಜಾಗಕ್ಕೆಲ್ಲ ಹಚ್ಚಬೇಕು, ಸ್ನಾನವಾದ ಮೇಲೆ ಎಣ್ಣೆ."
ಎಷ್ಟು ದಿನ ಮೇಡಂ?
"ನಿಮಗೆ ರಿಟೈರ್‌ಮೆಂಟ್ ಯಾವಾಗ?"
ಇನ್ನು ಒಂಬತ್ತು ವರ್ಷ.
"ಇದಕ್ಕೆ ರಿಟೈರ್‌ಮೆಂಟ್ ಇಲ್ಲ," ಎಂದು ಚೀಟಿ ಹರಿದರು.

ಕೆಲವು ಗುರುವಾರ ಸಿಟ್ಟು ಬರುತ್ತದೆ.
ಹಚ್ಚಿದ್ದಕ್ಕೇ ಬಂದಿಲ್ಲವೋ, ಬರುವುದೇ ಇರಲಿಲ್ಲವೋ?
ಬಿದ್ದ ರೈಲಿಗೆ ವಿಚಾರಣೆಯುಂಟು, ಫೋಟೋ ಉಂಟು.
ಬೀಳದ್ದಕ್ಕೆ ಸಾಕ್ಷಿ ಹೇಳುವವರಾರು?

ಇವತ್ತು ಕರೆಂಟಿಲ್ಲ. ನಡೆದು ನಡೆದು ಕಾಲು ಸೋತು
ನಾಳೆ ನೋಡೋಣವೆಂದು ಗೋಡೆಗೆ ತಿರುಗಿದ್ದೆ.
ಕತ್ತಲಲ್ಲಿ ಟ್ಯೂಬಿನ ಮುಚ್ಚಳ ಬಿಚ್ಚಿದ ಸದ್ದು.
ಅವಳ ಬೆರಳು ತಣ್ಣಗೆ ಕಿವಿಯ ಹಿಂದೆ
ತಡವಿತು, ತಡವಿತು, ನಿಂತಿತು.
"ಇಲ್ಲೇನೂ ಇಲ್ಲ ಕಣ್ರೀ," ಅಂದಳು.
ಹಚ್ಚಿದಳು.