ಒಂಟಿ ತೆನಿ

ಸಾಹೇಬರ, ಕುಂದ್ರು ಅನಬ್ಯಾಡ್ರಿ,
ನಿಂತಾ ಹೇಳ್ತೀನಿ.
ಇಳಕಲ್ಲದಿಂದ ನವನಗರದ ತನಕ
ಬಸ್ಸು ಹಾರಿಸಿದ ಒಂದೊಂದು ಹಂಪ್ಸೂ
ಟೊಂಕದಾಗ ಎಣಿಸಿಕೊಂಡು ಬಂದೀನಿ.
ಹುನಗುಂದ ದಾಟೂತನಕ ಹನ್ನೊಂದು,
ಆಮ್ಯಾಲ ಲೆಕ್ಕ ತಪ್ಪಿತು.

ಫೈಲ್ ನೋಡ್ರಿ, ಎಲ್ಲಾರೂ ಬರದಾರ.
ಒಬ್ಬರು ಮಗ್ಗದ ಬೆನ್ನು ಅಂದ್ರು,
ಒಬ್ಬರು ಮುಟ್ಟು ನಿಂತ ಹೆಂಗಸಿನ ಎಲುಬು,
ಇನ್ನೊಬ್ಬರು ಹೆಸರೂ ಕೇಳದ ಸೂಜಿ ಚುಚ್ಚಿ
ಇನ್ನೂರು ಇಸಗೊಂಡ್ರು.
ಎಂಟು ತಿಂಗಳಾತು.

ಮೂವತ್ತನಾಲ್ಕು ವರ್ಷ
ಕುಣಿಮಗ್ಗದಾಗ ಕಾಲು ಇಳಿಬಿಟ್ಟಾಕಿ ನಾನು.
ಮಗ್ಗದ ನೋವು ನನಗ ಗೊತ್ತೈತ್ರಿ,
ಅದು ನಮ್ಮ ಮನಿ ಬೆಕ್ಕಿನಂಗ:
ಸಂಜಿಕ ಬಂದು ತೊಡಿ ಮ್ಯಾಲ ಕುಂದರತೈತಿ,
ಬೆಳಗ್ಗೆ ತಾನಾ ಎದ್ದು ಹೋಗತೈತಿ.
ಇದು ಹಂಗಲ್ಲ.
ಅಮಾಸಿಗೆ ಮಗ್ಗ ನಿಲ್ಲತೈತಿ, ಲಾಳಿ ಮಲಗತೈತಿ,
ಓಣಿಗೆ ಓಣೀನ ಸಪ್ಪಳ ಇಲ್ಲದಂಗ ಆಗತೈತಿ.
ಆ ರಾತ್ರೀನ ಇದು ಜಾಸ್ತಿ.
ಮಗ್ಗದ್ದ ಆಗಿದ್ರ
ಅಮಾಸಿಗೆ ಇದಕ್ಕೂ ಸೂಟಿ ಇರಬೇಕಿತ್ತಲ್ಲ?

ಹೋದ ತಿಂಗಳು ಎಕ್ಸರೇ ಸಾಲಿನಾಗ
ನನ್ನ ಮುಂದ ನಿಂತಾಂವ ದುರಗಪ್ಪ,
ಕೆಂಪು ಗ್ರ್ಯಾನೈಟಿನ ಖಣಿಯಾಗ ಉಳಿ ಹಿಡದ ಕೈ.
ಸೀನಿದ್ದಕ್ಕ ಪಕ್ಕಿ ಎಲುಬು ಮುರೀತಂತ.
ಒಂದೂವರೆ ವರ್ಷ ಎಲ್ಲಾರೂ
ಕಲ್ಲಿನ ಮ್ಯಾಲ ಹಾಕಿದ್ರಂತ ತಪ್ಪು.
‘ಅಕ್ಕಾರ, ದುಡಿಯೋರ ನೋವಿಗೆ ದುಡಿಮೀನ ಕಾರಣ ಅಂತಾರ,
ಅದರ ಆಚಿಗೆ ಯಾರೂ ನೋಡಂಗಿಲ್ಲ.
ನೀವು ಹೆಸರು ಹಿಡದು ಕೇಳ್ರಿ’ ಅಂದ.
ಅವನ ಮಗಳು ನನ್ನ ಎಕ್ಸರೇ ಲಕೋಟಿ ಮ್ಯಾಲ
ಬಾಲಪೆನ್ನಿಲೆ ಬರದಳು: ಮೈಲೋಮಾ.

ಮೈ ಅಂತನ ಸುರು ಆಗತೈತಿ ಹೆಸರು.
ನಿಮಗಿಂತ ಮೊದಲ ಹೋದ ಡಾಕ್ಟರ ಮುಂದ
ನೆಟ್ಟಗ ಅನ್ನಾಕ ಬರದ ಮೈಲಾರ ಅಂದೆ.
ಹೋಗಿ ಬರ್ರಿ, ಒಳ್ಳೇದಾಗತೈತಿ ಅಂದ್ರು.
ನಾನೂ ನಕ್ಕೆ. ನಕ್ಕಿದ್ದಕ್ಕ ಬೆನ್ನು ಹಿಡೀತು.

ದುರಗಪ್ಪನ ರಿಪೋರ್ಟ್ ನೋಡೀನ್ರಿ.
ಇಂಗ್ಲೀಷ ಬರೂದಿಲ್ಲ, ಗೆರಿ ಓದಾಕ ಬರತೈತಿ.
ಸೆರಗಿಗೆ ಟೋಪ ತೆನಿ ಎಬ್ಬಿಸಾಕಿ ನಾನು,
ಕೆಂಪಿನಾಗ ಬಿಳಿ, ಬಿಳಿಯಾಗ ಕೆಂಪು,
ಒಂದೆಳಿ ಎತ್ತರ ಆದ್ರೂ ಕಣ್ಣು ಕುಕ್ಕತೈತಿ.
ಆ ಕಾಗದದ ಮ್ಯಾಲ ಮೊದಲಿಗೆ ಒಂದು ಎತ್ತರದ ತೆನಿ,
ಅದು ಎಲ್ಲಾರ ರಕ್ತದಾಗೂ ಇರಬೇಕಂತ.
ಆಮ್ಯಾಲ ಸಣ್ಣ ಸಣ್ಣ ಗುಡ್ಡ.
ಕಡೀಕ, ದಿಬ್ಬ ಸಾವಕಾಶ ಇಳಿಯೋ ಜಾಗದಾಗ
ಸೂಜಿಯಂಗ ಇನ್ನೊಂದು.
ಒಂಟಿ.
ಯಾರ ಸೆರಗಿಗೂ ಹೊಂದಲಾರದ್ದು.

ಈಗ ನನ್ನ ಕಾಗದ ನೋಡ್ರಿ,
ಮೂಲ್ಯಾಗ ಇ.ಎಸ್.ಆರ್. ನೂರಾ ಹದಿನೆಂಟು.
ಯಾರೂ ಅದಕ್ಕ ಸುತ್ತು ಹಾಕಿಲ್ಲ.
ಕಬ್ಬಿಣದ ಗುಳಗಿ ಪಟ್ಟಿಗಟ್ಟಲೆ ನುಂಗಿದೆ, ರಕ್ತ ಏರಲಿಲ್ಲ.
ರಾತ್ರಿ ತಂಬಿಗಿ ಖಾಲಿ ಮಾಡಿದ್ರೂ ನಾಲಿಗಿ ಒಣಾನ.
ಉಚ್ಚಿ ನೊರಿ ಬರತೈತಿ.
ಇದನ್ನ ಮನಿಯವ್ರ ಮುಂದೂ ಹೇಳಿಲ್ಲ,
ನಿಮಗ ಹೇಳಿದೆ.

ಕೊಂಡಿ ಅಂತೀವಿ ನಾವು:
ಒಡಲಿನ ಹಾಸಿಗೂ ಸೆರಗಿನ ಹಾಸಿಗೂ
ಎಳಿಗೆ ಎಳಿ ಸಿಗಸೂದು.
ಅದನ್ನ ಮಾಡದಿದ್ರ
ಎಷ್ಟು ಚಂದದ ಸೆರಗಾದ್ರೂ ಬ್ಯಾರೇನ ಬಿದ್ದಿರತೈತಿ.
ಈ ಒಡಲಿನ ಎಳಿ ಎಲ್ಲಾ ಬಿಡಿಬಿಡಿಯಾಗಿ
ನಿಮ್ಮ ಟೇಬಲ್ಲಿನ ಮ್ಯಾಲ ಅದಾವು.

ನಾ ಡಾಕ್ಟರಿಕಿ ಕಲಸಾಕ ಬಂದಿಲ್ರಿ.
ಅದಾ ಜಡ್ಡು ಅಂತ ಹಟಾನೂ ಇಲ್ಲ.
ರಕ್ತದ್ದೊಂದು, ಉಚ್ಚಿದೊಂದು, ಚೀಟಿ ಬರೀರಿ.
ರೊಕ್ಕ ತಂದೀನಿ, ಒಂದು ಸೀರಿದು.
ಇಲ್ಲ ಅಂತ ಬಂದ್ರ
ಇಳಕಲ್ಲದಾಕಿ ಒಬ್ಬಾಕಿ ಹಿಂಗ ಬಂದಿದ್ಲು ಅಂತ
ಮಂದಿ ಮುಂದ ಹೇಳಿ ನಗ್ರಿ,
ಬ್ಯಾಡನ್ನಂಗಿಲ್ಲ.

ಅವರು ಫೈಲ್ ಮುಚ್ಚಿದ್ರು.
ಹೊರಗ ಕಂಪೌಂಡರ ಇನ್ಯಾರದೋ ಹೆಸರು ಕೂಗಿದ.
ಮತ್ತ ತೆರದ್ರು.
ಮೂಲ್ಯಾಗಿನ ಆ ಅಂಕಿಗೆ
ಪೆನ್ನಿಲೆ ಒಂದು ಸುತ್ತು ಹಾಕಿದ್ರು.
‘ಕುಂದರ್ರಿ’ ಅಂದ್ರು.

ಆವಾಗ ಕುಂತೆ.