ಗೆರೆ ದಾಟಿದವರು ನಿಲ್ಲಬಾರದು

ಮೈಕು ನನ್ನ ಕೈಗೆ ಸಿಗುವುದು ಇದೊಂದೇ ಮಾತಿಗೆ:
ದಾಟಿದವರು ಮುಂದೆ ಹೋಗಿ,
ಚಾಪೆಯ ಹತ್ತಿರ ನಿಲ್ಲಬೇಡಿ.
ನೀರು ಆ ಕಡೆ, ಬಾಳೆಹಣ್ಣು ಆ ಕಡೆ,
ಪದಕವೂ ಆ ಕಡೆಯೇ.

ಯಾರು ಕೇಳುತ್ತಾರೆ!
ಗಾಜನೂರಿಂದ ಶಿವಮೊಗ್ಗಕ್ಕೆ ಓಡಿ ಬಂದವರಿಗೆ
ಗೆರೆ ಕಂಡದ್ದೇ ಮೊಣಕಾಲು ಸಡಿಲ.
ಕೂತುಬಿಡುತ್ತಾರೆ ಅಲ್ಲೇ,
ಬೂಟಿನ ಲೇಸಿಗೆ ಕಟ್ಟಿದ
ಹುಣಸೆಬೀಜದಷ್ಟು ಚಿಪ್ ಸಮೇತ.

ನನ್ನ ಡಬ್ಬಿಗೆ ಬಂದವರೂ ಕೂತವರೂ ಒಂದೇ.
ಇನ್ನೂರ ಹದಿನೇಳು ಬಂದ
ಇನ್ನೂರ ಹದಿನೇಳು ಬಂದ
ಇನ್ನೂರ ಹದಿನೇಳು ಬಂದ
ಎಂದು ಸೆಕೆಂಡಿಗೆ ಮೂರು ಸಲ ಬರೆದುಕೊಳ್ಳುತ್ತದೆ,
ಅವನು ಬಾಳೆಹಣ್ಣು ಸುಲಿಯುತ್ತಿರುತ್ತಾನೆ.

ಎಂಟು ಸಾವಿರ ಸಾಲು, ಅದರ ಹೊಟ್ಟೆ ಅಷ್ಟೇ.
ಕೆರೆಯಾದರೆ ಕೋಡಿ ಬೀಳುತ್ತದೆ,
ಊರಿಗೆ ಊರೇ ನೋಡಲು ಹೋಗುತ್ತದೆ.
ಅಣೆಕಟ್ಟಾದರೆ ಗೇಟು ಎತ್ತುವ ಮೊದಲು ಸೈರನ್ನು.
ಇದು ಸದ್ದಿಲ್ಲದೆ ಮೊದಲ ಸಾಲಿಗೆ ಮರಳಿ
ಬರೆದದ್ದರ ಮೇಲೆಯೇ ಬರೆಯತೊಡಗುತ್ತದೆ.
ಮೊದಲು ಬಂದವನೇ ಮೊದಲು ಅಳಿಯುವುದು.

ಹೋದ ವರ್ಷ ಹಾಗೇ ಆಯಿತು.
ಭದ್ರಾವತಿ ಕಾಗದನಗರದ ಶಕ್ತಿವೇಲು
ಎಲ್ಲರ ಕಣ್ಣೆದುರು ಮೊದಲು ಬಂದ.
ಪಟ್ಟಿ ಮುದ್ರಿಸಿದರೆ ಅವನು ಓಡಿಯೇ ಇರಲಿಲ್ಲ.
ಅರವತ್ತು ಪುಟದ ತುಂಬ ಹೊಸನಗರದ ಒಬ್ಬ ಗುಮಾಸ್ತರು,
ಕಾಲು ಉಳುಕಿ ಚಾಪೆಯ ಅಂಚಿಗೆ ಒರಗಿದ್ದವರು,
ಮೂರು ಸಾವಿರ ಸಲ ಗುರಿ ಮುಟ್ಟಿದ್ದರು.
ಹುಡುಗ ಜಗಳಕ್ಕೆ ಬರಲಿಲ್ಲ.
"ಎಷ್ಟು ನಿಮಿಷ ಆಗಿತ್ತು ಅಂತ ಮಾತ್ರ ಹೇಳಿ ಸಾರ್" ಅಂದ.
ಅದೊಂದನ್ನೇ ನನ್ನಿಂದ ಹೇಳಲಾಗಲಿಲ್ಲ.

ಹೊಸ ಡಬ್ಬಿಗಳಿಗೆ
ಒಬ್ಬರನ್ನು ಒಮ್ಮೆಯೇ ಎಣಿಸುವ ಬುದ್ಧಿ ಇದೆಯಂತೆ.
ನಮ್ಮ ಜಿಲ್ಲೆಗೆ ಬಂದದ್ದು ಹಳೆಯದು.
ಮುಚ್ಚಳಕ್ಕೆ ಚೀಟಿ ಅಂಟಿಸಿದ್ದೇನೆ:
ಐನೂರಾದ ಕೂಡಲೇ ಇಳಿಸು.
ಇಳಿದದ್ದನ್ನು ನೋಡು.
ನೋಡದೆ ಅಳಿಸಬೇಡ.
ಪಕ್ಕದಲ್ಲಿ ನಸೀಮಾ, ಪೆನ್ಸಿಲು, ಉದ್ದ ರಿಜಿಸ್ಟರು.

ಹತ್ತೂಕಾಲು. ಶಾಮಿಯಾನ ಬಿಚ್ಚುವವರು ಬಂದಾಯಿತು.
ಗೆರೆಯ ಮೇಲೆ ಒಬ್ಬಾಕೆ, ಮುನ್ನೂರ ನಲವತ್ತು,
ಸೀರೆ ಎತ್ತಿಕಟ್ಟಿ ನಿಂತೇ ಇದ್ದಾರೆ.
ಗುತ್ಯಮ್ಮ, ಶಾಲೆಯಲ್ಲಿ ಬಿಸಿಯೂಟ ಮಾಡುವವರು.
"ಮುಂದೆ ಹೋಗಿ ಅಮ್ಮ."
"ನನ್ನ ಜೊತೆಯವಳು ಬರಬೇಕು."
"ನೀವು ನಿಂತರೆ ಮಷೀನು ತುಂಬುತ್ತೆ."
"ನಾನು ನಿಂತರಾ, ಇದು ನಿಂತರಾ?"
ಎಂದು ಬಗ್ಗಿ, ಗಂಟು ಬಿಚ್ಚಿ,
ಚಿಪ್ ನನ್ನ ಅಂಗೈಗಿಟ್ಟು ಮತ್ತೆ ಅಲ್ಲೇ ನಿಂತರು.

ಜೇಬಿಗೆ ಹಾಕಿದರೆ ನನ್ನನ್ನೇ ಎಣಿಸೀತು.
ಸ್ಟೀಲಿನ ಬುತ್ತಿಡಬ್ಬಿಯೊಳಗಿಟ್ಟು ಮುಚ್ಚಿದೆ.
ಡಬ್ಬಿ ತೆಪ್ಪಗಾಯಿತು.

ನಲವತ್ತು ನಿಮಿಷ.
ಬಸ್‌ಸ್ಟ್ಯಾಂಡಿನ ಕಡೆಯಿಂದ ಫಿಲೋಮಿನಾ ಬಂದರು,
ಓಡುತ್ತಲೂ ಅಲ್ಲ, ನಡೆಯುತ್ತಲೂ ಅಲ್ಲ,
ಒಂದು ಕಾಲಲ್ಲಿ ಬೂಟು, ಇನ್ನೊಂದು ಕೈಯಲ್ಲಿ.
ಬೀಪ್. ಒಂದೇ ಸಲ.
ಗುತ್ಯಮ್ಮ ಆಗಲೇ ರಟ್ಟೆ ಹಿಡಿದು
ನೀರಿನ ಕಡೆ ಎಳೆದೊಯ್ದಿದ್ದರು.

ಇಳಿಸಿದೆ. ನೋಡಿದೆ. ಅಳಿಸಿದೆ.
ಮನೆಗೆ ಹೋಗಿ ಬುತ್ತಿ ತೆರೆದರೆ
ಮುನ್ನೂರ ನಲವತ್ತು ಅಲ್ಲೇ ಇತ್ತು,
ಉಪ್ಪಿನಕಾಯಿಯ ಎಣ್ಣೆ ಮೆತ್ತಿಕೊಂಡು.