ಎರವಿನ ಎರೆ

ಈ ಸಲ ಹೆರಿಂಗ್ ಇಲ್ಲ ಅಂದ ಹಾರ್ಲಂಡ್.
ಅಂದದ್ದು ನನಗಲ್ಲ, ಖಾಲಿ ಪೀಪಾಯಿಗೆ.
ಸರ್ಕಾರದ ಕಾಗದದಲ್ಲಿ ಅಂಕಿ ಇಳಿದಿದೆ;
ಕಡಲಲ್ಲಿ ಅದಕ್ಕೂ ಮೊದಲೇ ಇಳಿದಿತ್ತು.

ಬೆಳಗಿನ ಜಾವ ನಾಲ್ಕು. ಮೇಯ್ನ್ ತೀರದ ಮಂಜು
ಹಿಂಡದೆ ಹರವಿದ ಬಟ್ಟೆಯ ಹಾಗೆ ಹೆಗಲ ಮೇಲೆ.
ಕಟ್ಟೆಗೆ ಬಂದು ನಿಂತ ಲಾರಿಯ ಬಾಗಿಲು ತೆರೆದರೆ
ಹೊಗೆಯಾಡುವ ಹಿಮ, ಹಿಮದೊಳಗೆ ಇಟ್ಟಿಗೆ ಇಟ್ಟಿಗೆ
ಬೆಳ್ಳಿ ಗೆಂಡೆ.
ಕಣ್ಣು ಬಾಯಿಗಿಂತ ಕೆಳಗೆ,
ಯಾರೋ ಅವಸರದಲ್ಲಿ ತಲೆಕೆಳಗಾಗಿ ಹೊಲಿದಂತೆ.

ಲಾರಿಯವನು ಡೆಲ್ಮರ್, ಇಲಿನಾಯ್ ನದಿಯ ಕಡೆಯವನು.
ದವಡೆ ಸೊಟ್ಟ. ಕೇಳುವ ಮೊದಲೇ ಹೇಳಿದ:
ಮೋಟಾರಿನ ಸದ್ದಿಗೆ ಬೆಚ್ಚಿ ಹಾರುತ್ತವೆ ಇವು
ಆಳೆತ್ತರ.
ಒಂದು ಬಂದು ಬಡಿಯಿತು, ಮೂರು ಹಲ್ಲು ಹೋದವು,
ದೋಣಿಯಲ್ಲಿ ಪಕ್ಕ ಕೂತು ನಕ್ಕ ಹೆಂಡತಿ
ಇನ್ನೂ ನಿಲ್ಲಿಸಿಲ್ಲ.

ದೂರದ ಚೀನಾದಿಂದ ಕರೆತಂದರಂತೆ,
ಕೊಳದ ಪಾಚಿ ತಿಂದು ಹಸನು ಮಾಡಲಿ ಅಂತ. ಕೂಲಿಗೆ.
ನೆರೆ ಬಂತು. ಏರಿ ಮುಳುಗಿತು.
ಕೂಲಿಗೆ ಬಂದದ್ದು ನದಿಗೆ ಯಜಮಾನನಾಯಿತು,
ಊರ ಮೀನಿನ ಬಾಯಿಗೆ ತುತ್ತು ಉಳಿಯಲಿಲ್ಲ.
ಈಗ ಹಿಡಿದು, ಹೆಪ್ಪುಗಟ್ಟಿಸಿ, ಮೊಹರು ಹಾಕಿ
ನಮಗೆ ಮಾರುತ್ತಾರೆ. ಕಾಗದ ಓದಿದೆ:
ಸತ್ತಿದೆ, ಆರೋಗ್ಯವಾಗಿದೆ.

ಮುಳ್ಳಿಂದ ಮುಳ್ಳು ತೆಗೆಯುವುದು ಗೊತ್ತು.
ತೆಗೆದ ಮುಳ್ಳನ್ನು
ಪೌಂಡಿನ ಲೆಕ್ಕದಲ್ಲಿ ತೂಗುವುದು ಇದೇ ಮೊದಲು.

ನನ್ನ ಕೆಲಸ ಎರೆ ತುಂಬುವುದು.
ಕೊಚ್ಚು, ಬಲೆಚೀಲಕ್ಕೆ ತುರುಕು, ದಾರ ಬಿಗಿ, ಬೋನಿಗೆ ಕಟ್ಟು,
ದಿನಕ್ಕೆ ಮುನ್ನೂರು.
ಅನ್ಸೆಲ್ ಹೋಗಿ ನಾಲ್ಕು ವರ್ಷ.
ಅವನ ಕೋಟು ನಾನು ತೊಡುವುದು ಬೆಚ್ಚಗಿದೆ ಅಂತಲ್ಲ,
ನಾರುತ್ತದೆ ಅಂತ.
ಹೆರಿಂಗಿನ ಎಣ್ಣೆ ಕಾಲರಿನಲ್ಲಿ, ಗುಂಡಿಯ ತೂತಿನಲ್ಲಿ;
ಮದುವೆಯ ದಿನವೂ ಅದೇ ವಾಸನೆ,
ಪಾದ್ರಿ ಒಂದು ಹೆಜ್ಜೆ ಹಿಂದೆ ನಿಂತೇ ಮಂತ್ರ ಮುಗಿಸಿದ್ದ.
ಈ ಗೆಂಡೆಗೆ ಆ ನಾತವಿಲ್ಲ.
ಕೆಸರು, ತುಕ್ಕು, ಯಾವುದೋ ಜೋಳದ ಹೊಲದ ಬಸಿಗಾಲುವೆ.

ಸಿಹಿನೀರಿನದನ್ನು ಉಪ್ಪು ಒಪ್ಪುವುದಿಲ್ಲ ಕಣೇ,
ಅಂದಳು ಮುದುಕಿ ತಿರ್ಜಾ, ಬಲೆ ಹೆಣೆಯುತ್ತ,
ಯಾರ ಕಡೆಯೂ ನೋಡದೆ.

ಮೂರನೆಯ ರಾತ್ರಿ ಕಳೆದು ಹಗ್ಗ ಎಳೆದೆವು.
ಮೊದಲ ಬೋನಿನಲ್ಲಿ ಏಳು.
ಚೀಲದಲ್ಲಿ ಉಳಿದದ್ದು ಬಾಚಣಿಗೆಯಂಥ ಮುಳ್ಳು,
ಒರೆಸಿಟ್ಟ ಹಾಗೆ.
ಕಡಲ ತಳದಲ್ಲಿ ಕುಲಗೋತ್ರ ಕೇಳುವವರಿಲ್ಲ.
ಹಾರ್ಲಂಡ್ ಸಿಳ್ಳೆ ಹಾಕಿದ,
ಆಮೇಲೆ, ಸಿಳ್ಳೆ ಹಾಕಿದ್ದಕ್ಕೆ ನಾಚಿಕೊಂಡ.

ಹಿತ್ತಾಳೆಯ ಅಳತೆಗೋಲಿಟ್ಟು ನೋಡುತ್ತೇನೆ:
ಚಿಕ್ಕದು ನೀರಿಗೆ. ದೊಡ್ಡದು ಪೆಟ್ಟಿಗೆಗೆ.
ಪೆಟ್ಟಿಗೆಯ ಮೇಲೆ ಆಗಲೇ ಅಂಟಿಸಿದ ಚೀಟಿ: ಶಾಂಘೈ.
ಡೆಲ್ಮರನಿಗೆ ಹೇಳಬೇಕು ಅನ್ನಿಸಿತು,
ಅವನು ಹೋಗಿಯಾಗಿತ್ತು.

ಒಂದು ಹೆಣ್ಣು ಬಂತು, ಹೊಟ್ಟೆಯಡಿ ಮೊಟ್ಟೆಯ ಗೊಂಚಲು,
ಕಪ್ಪು ಎಳ್ಳು ಮೆತ್ತಿದಂತೆ.
ಬಾಲಕ್ಕೆ ಕತ್ತರಿಯಲ್ಲಿ ಸಣ್ಣ ಗುರುತು ಕಚ್ಚಿಸಿ
ಎರಡೂ ಕೈಯಲ್ಲಿ ಹಿಡಿದು ಬಿಟ್ಟೆ.
ನಿಧಾನಕ್ಕೆ ಇಳಿಯಿತು,
ಹೊಟ್ಟೆಯೊಳಗೆ ನಾನು ಕಾಣದ ಒಂದು ನದಿ.
ಇನ್ನು ಯಾರು ಹೇಳುತ್ತಾರೆ
ಯಾವುದು ಎರವಿನದು, ಯಾವುದು ಇಲ್ಲಿಯದು ಅಂತ.

ಸಂಜೆ ಮನೆಯ ಮೆಟ್ಟಿಲಲ್ಲಿ ಅನ್ಸೆಲನ ಬೆಕ್ಕು.
ದಿನವೂ ಕೋಟಿನ ತೋಳು ನೆಕ್ಕುವುದು ಅದರ ಅಭ್ಯಾಸ.
ಮೂಸಿತು. ಹಿಂದೆ ಸರಿಯಿತು.
ನನ್ನ ಮುಖ ನೋಡಿತು, ಬಾಗಿಲು ನೋಡಿತು.
ನಾನು ತೋಳು ಚಾಚಿ ನಿಂತೇ ಇದ್ದೆ,
ಮತ್ತೊಮ್ಮೆ ಮೂಸಲಿ ಅಂತ.